ತವರಿಂದ ಪಾಚಿ ತಂದಾಕಿ

ನಮ್ಮ ಮನೆಯಲ್ಲಿ ಸೊಸೆಯರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ನನ್ನ ತವರು ಮುರುಮ, ಅದಕ್ಕೆ ನಾನು ಮುರುಮದಾಕಿ. ನನ್ನ ಹಿರಿಯ ನೆಗೆಣ್ಣಿ, ಅಂದರೆ ಗಂಡನ ಅಣ್ಣನ ಹೆಂಡತಿ, ಆಕೆಯ ತವರು ಔರಾದ ಶಹಾಜನಿ, ಆಕೆ ಔರಾದಾಕಿ. ಹೋದ ಶ್ರಾವಣದಲ್ಲಿ ಆಕೆ ತೀರಿಕೊಂಡಾಗ ಅಯ್ಯನವರು ಕ್ರಿಯೆಗೆಂದು ಹೆಸರು ಕೇಳಿದರು. ನೆರೆದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಹೇಳಿದ್ದು ಆಕೆಯ ಮಗಳು. ನನಗೂ ಗೊತ್ತಿತ್ತು, ಬಾಯಿಗೆ ಬರಲಿಲ್ಲ ಅಷ್ಟೆ. ಇಲ್ಲಿಯೂ ಬರೆಯುವುದಿಲ್ಲ. ಆ ಹೆಸರು ಹೇಳಿಕೊಂಡರೆ ನನಗೆ ಆಕೆ ಕಣ್ಣಿಗೆ ಕಟ್ಟುವುದಿಲ್ಲ.

ಎತ್ತರದ ಹೆಂಗಸು. ಉದಗೀರದ ನಮ್ಮ ಮನೆಯ ಬಾಗಿಲುಗಳೆಲ್ಲ ಗಿಡ್ಡ. ಬಗ್ಗಿ ಬಗ್ಗಿ ನಡೆದು ಬಯಲಿನಲ್ಲಿಯೂ ತುಸು ಬಗ್ಗಿಯೇ ನಡೆಯುವ ರೂಢಿ ಆಕೆಗಾಗಿತ್ತು. ಮನೆಯಲ್ಲಿ ಕನ್ನಡ, ಅರಿವೆಯ ಗಿರಾಕಿಗಳ ಹೆಂಗಸರ ಕೂಡ ಮರಾಠಿ, ಸರಕಾರಿ ಸಾಹೇಬರ ಜನಾನದಲ್ಲಿ ದಖನಿ. ಮೂರೂ ಬರುತ್ತಿದ್ದವು, ಮೂರರಲ್ಲಿಯೂ ಆಕೆ ಮಾತಾಡುತ್ತಿದ್ದದ್ದು ಕಡಿಮೆ.

ನಾನು ಗಂಡನ ಮನೆಗೆ ನಡೆಯಲು ಬಂದ ಹೊಸದರಲ್ಲಿ ಅಳುವುದೇ ನನ್ನ ಕೆಲಸ. ಓಣಿಯ ಹೆಂಗಸರು ಬಂದು ತಲೆ ಸವರಿ ಸಮಾಧಾನ ಹೇಳುತ್ತಿದ್ದರು, ನನಗೆ ಅಳು ಇನ್ನೂ ಜೋರಾಗುತ್ತಿತ್ತು. ಔರಾದಾಕಿ ಒಂದು ದಿನ ಒಂದು ಮೊರ ತೊಗರಿಬೇಳೆ ತಂದು ನನ್ನ ಮುಂದಿಟ್ಟು ಹೊರಟುಹೋದಳು. ಪಕ್ಕದ ಕೋಣೆಯಲ್ಲಿ ಕೂತು ಹೊಲಿಗೆ ಹಾಕುತ್ತಿದ್ದಳು, ನಡುವಿನ ಬಾಗಿಲು ತೆರೆದೇ ಇತ್ತು. ನಾನು ಅಳುತ್ತ ಬೇಳೆ ಆರಿಸಿದೆ. ಅಳುವುದೂ ಆರಿಸುವುದೂ ಮುಗಿದ ಮೇಲೆ ಬಂದು ಮೊರ ಎತ್ತಿಕೊಂಡಳು.

"ಛಂದ ಆರಿಸೀದಿ," ಎಂದಳು. ಯಾಕೆ ಅಳುತ್ತಿದ್ದೆ ಎಂದು ಕೇಳಲಿಲ್ಲ. ಮುಂದೆಯೂ ಎಂದೂ ಕೇಳಲಿಲ್ಲ.

ನಮ್ಮ ಮಾವನದು ಅರಿವೆಯ ಅಂಗಡಿ. ಪರದೆಯ ಮನೆಗಳ ಹೆಂಗಸರು ಅಂಗಡಿಗೆ ಬರುವ ಹಾಗಿರಲಿಲ್ಲ. ಸೀರೆ, ಕುಪ್ಪಸದ ಖಣ, ರೇಷ್ಮೆ ಪಟ್ಟಿ ಎಲ್ಲ ಗಂಟು ಕಟ್ಟಿ ನಮ್ಮ ಮನೆಯ ಹೆಂಗಸರೇ ಅವರಲ್ಲಿಗೆ ಒಯ್ದು ತೋರಿಸಬೇಕು. ಆ ಕೆಲಸ ಔರಾದಾಕಿಯ ಪಾಲಿಗೆ ಬಂದಿತ್ತು. ತಹಸೀಲದಾರ ಸಾಹೇಬರ ಬೇಗಮ್ಮನವರು ಖಣ ನೋಡುವುದಕ್ಕಿಂತ ಆಕೆಯನ್ನು ಕೂಡಿಸಿಕೊಂಡು ಮಾತಾಡುವುದೇ ಹೆಚ್ಚು. ಬೇಗಮ್ಮನವರು ಕೂಡುವ ದಿವಾನದ ಪಕ್ಕದಲ್ಲಿ ಒಂದು ಗಾಜಿನ ಪೆಟ್ಟಿಗೆ ಇತ್ತು. ಹೈದರಾಬಾದಿನಿಂದ ತರಿಸಿದ್ದು, ತೊಟ್ಟಿಲಷ್ಟು ಉದ್ದ, ಹಿತ್ತಾಳೆಯ ಕಟ್ಟು. ಅದರಲ್ಲಿ ಕೆಂಪು ಮೀನುಗಳು. ಔರಾದಾಕಿ ಖಣ ಬಿಚ್ಚಿಟ್ಟು ಆ ಮೀನುಗಳನ್ನೇ ನೋಡುತ್ತಿದ್ದಳಂತೆ. ಬೇಗಮ್ಮನವರು ಅದನ್ನು ಗಮನಿಸಿದ್ದಾರೆ.

ಸಾಹೇಬರಿಗೆ ವರ್ಗವಾಯಿತು. ನೀರು ತುಂಬಿದ ಪೆಟ್ಟಿಗೆ ಬಂಡಿಯ ದಾರಿಗೆ ಒಡೆಯದೆ ಇರುತ್ತದೆಯೇ? ಬೇಗಮ್ಮನವರು ಹೊರಡುವ ಮುಂಚೆ ಔರಾದಾಕಿಯ ಕೈ ಹಿಡಿದು "ಇನಕೂ ಸಂಭಾಲ್ ಲೇನಾ, ಬೆಹನ್" ಎಂದು ಮೀನು ನೋಡಿಕೊಳ್ಳಲು ಹೇಳಿ, ಆಳುಗಳ ಕೈಯಲ್ಲಿ ಪೆಟ್ಟಿಗೆಯನ್ನು ನಮ್ಮ ಮನೆಗೆ ಹೊರಿಸಿ ಕಳಿಸಿಬಿಟ್ಟರು.

ಅತ್ತೆ ಪೂಜೆ ಮುಗಿಸಿ ಹೊರಗೆ ಬಂದವರು ಪಡಸಾಲೆಯ ನಡುವೆ ಅದನ್ನು ಕಂಡು ನಿಂತುಬಿಟ್ಟರು.

"ಲಿಂಗ ಕಟಗೊಂಡವ್ರ ಮನ್ಯಾಗ ಮೀನಾ?"

"ತಿನ್ಲಿಕ್ಕ ಕೊಟ್ಟಿಲ್ಲ, ನೋಡ್ಲಿಕ್ಕ ಕೊಟ್ಟಾರ," ಎಂದರು ಮಾವ. "ವಾಪಸ್ ಕಳಸಿದ್ರ ಸಾಹೇಬರ ಮನಸಿಗಿ ಹತ್ತತದ. ಇರ್ಲಿ ಬಿಡು."

"ನಾಳಿ ಅಯ್ಯನವರು ಬಂದ್ರ ಏನಂದಾರು?"

ಅಯ್ಯನವರು ಬಂದರು, ಪೆಟ್ಟಿಗೆಯ ಮುಂದೆ ಕೋಲೂರಿಕೊಂಡು ಬಹಳ ಹೊತ್ತು ನಿಂತರು. ಒಳಗೆ ಪಾದಪೂಜೆಯ ನೀರು ಆರುತ್ತಿತ್ತು. "ಎಷ್ಟು ಸುಮ್ಮಕ ಇರ್ತಾವಲ್ಲ ಇವು," ಎಂದಷ್ಟೇ ಅಂದು ಒಳಗೆ ಹೋದರು. ಅತ್ತೆಗೆ ಆ ಮಾತಿನಿಂದ ಸಮಾಧಾನವೇನೂ ಆಗಲಿಲ್ಲ, ಆದರೆ ಮೇಲೆ ಮಾತಾಡಲು ಏನೂ ಉಳಿಯಲಿಲ್ಲ.

ಬೇಗಮ್ಮನ ಮನೆಯಲ್ಲಿ ಆಳುಗಳು ದಿನವೂ ನೀರು ಬದಲಿಸುತ್ತಿದ್ದರು. ನಮ್ಮಲ್ಲಿ ಆ ಕೆಲಸ ಔರಾದಾಕಿಯೇ ಮಾಡಬೇಕು. ಹಿತ್ತಲ ಬಾವಿಯಿಂದ ಸೇದಿ ತಂದು, ಹಳೆಯ ನೀರು ಎತ್ತಿ ಚೆಲ್ಲಿ, ಹೊಸದು ಸುರಿದರೆ ಒಂದೆರಡು ದಿನ ತಿಳಿಯಾಗಿರುತ್ತಿತ್ತು, ಮತ್ತೆ ಕದಡುತ್ತಿತ್ತು, ನಾರುತ್ತಿತ್ತು. ಮೀನುಗಳು ಮೇಲೆ ಬಂದು ಬಾಯಿ ತೆರೆದು ತೆರೆದು ಉಸಿರಿಗೆ ಒದ್ದಾಡುತ್ತಿದ್ದವು. ಬೇಸಿಗೆಯಲ್ಲಿ ಬಾವಿಯ ತಳ ಕಾಣಿಸಿತು. "ಮಂದಿಗಿ ಕುಡೀಲಿಕ್ಕಿಲ್ಲ, ಈಕಿ ಮೀನಿಗಿ ಸುರೀತಾಳ," ಎಂದು ಅತ್ತೆ ಗೊಣಗಿದರು. ಆ ಮಾತಿನಲ್ಲಿ ತಪ್ಪೂ ಇರಲಿಲ್ಲ.

ಒಂದು ಮೀನು ಸತ್ತಿತು. ಅತ್ತೆ ಪಡಸಾಲೆಯನ್ನೆಲ್ಲ ತೊಳೆಸಿ ಮತ್ತೊಮ್ಮೆ ಸ್ನಾನ ಮಾಡಿದರು. ಅವರಿಗೆ ಸಿಟ್ಟಿಗಿಂತ ಸಂಕಟವೇ ಹೆಚ್ಚಾಗಿತ್ತು ಎಂದು ನನಗೆ ಈಗ ಅನಿಸುತ್ತದೆ. ನಮ್ಮ ಮನೆಯೊಳಗೆ, ನಮ್ಮ ಕೈಯಿಂದ ಒಂದು ಜೀವ ಹೋಯಿತಲ್ಲ ಎಂದು.

"ಇನ್ನೊಂದು ಸತ್ರ ಎಲ್ಲಾ ಒಯ್ದು ಕೆರಿಗಿ ಬಿಡು," ಎಂದರು.

"ಕೆರಿಯೊಳಗ ಅವು ಬಾಳಂಗಿಲ್ರಿ ಅತ್ತಿ. ಕೆಂಪು ಬಣ್ಣದವು. ಕೊಕ್ಕರಿ ಕಣ್ಣಿಗಿ ಮೊದಲ ಬೀಳ್ತಾವ."

"ಹಾಂಗಾದ್ರ ಸಾಯ್ಲಿಕ್ಕ ಬಿಡಬ್ಯಾಡ."

ಆ ವರ್ಷ ಪಂಚಮಿಗೆ ಆಕೆ ಔರಾದಿಗೆ ಹೋದಳು. ಹೆಣ್ಣುಮಕ್ಕಳು ಪಂಚಮಿಗೆ ತವರಿಗೆ ಹೋಗಿ ಜೋಕಾಲಿ ಆಡುತ್ತಾರೆ. ಈಕೆ ಅಣ್ಣನ ಹೊಲದ ಬಾವಿಯ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಾಳೆ. ಅದನ್ನು ನನಗೆ ಹೇಳಿದ್ದು ಎಷ್ಟೋ ದಿನಗಳ ಮೇಲೆ.

"ಆ ಬಾವಿ ನೀರು ಯಾರೂ ಬದ್ಲಿ ಮಾಡಂಗಿಲ್ಲ. ಮೀನ ಅವ, ನೀರ ತಿಳಿ ಅದ. ಮತ್ತ ನಮ್ಮ ಪೆಟ್ಟಿಗ್ಯಾಗ ಇಲ್ಲದ್ದು ಅಲ್ಲೇನದ ಅಂತ ನೋಡ್ಕೋತ ಕೂತೆ. ಹಸರ ಅದ. ಅಷ್ಟೇ ಫರಕ."

ಪಂಚಮಿ ಮುಗಿಸಿ ಬಂಡಿ ಇಳಿದಾಗ ಆಕೆಯ ಕೈಯಲ್ಲಿ ಬಾಯಿಗೆ ಒದ್ದೆ ಅರಿವೆ ಕಟ್ಟಿದ ಒಂದು ಗಡಿಗೆ ಇತ್ತು. ಉಂಡಿ ಇರಬೇಕೆಂದು ಮಕ್ಕಳು ಓಡಿಬಂದವು. ಅತ್ತೆ ಅರಿವೆ ಎತ್ತಿ ನೋಡಿ ಓಣಿಗೆಲ್ಲ ಕೇಳುವ ಹಾಗೆ ಹೇಳಿದರು:

"ಮಂದಿ ಸೊಸ್ತೇರು ತವರಿಂದ ಉಂಡಿ ತರ್ತಾರ. ನಮ್ಮಾಕಿ ಪಾಚಿ ತಂದಾಳ ನೋಡ್ರಿ!"

ಅದರಲ್ಲಿ ಎರಡು ಬಗೆ ಇದ್ದವು. ಒಂದು ಅಳಿಲಿನ ಬಾಲದ ಹಾಗೆ ತುಪ್ಪಳ ತುಪ್ಪಳವಾಗಿ ಇದ್ದದ್ದು. ಇನ್ನೊಂದು ಲಂಗದ ಲಾಡಿಯಂತೆ ಉದ್ದ, ಸಪಾಟು ಎಲೆಯದು. ನಾವು ಅದಕ್ಕೆ ಲಾಡಿಹುಲ್ಲು ಎಂದೇ ಕರೆದೆವು. ಗಿಡ ಎಂದಮೇಲೆ ಮಣ್ಣು ಬೇಕು ಎಂದು ಆಕೆ ಹೊಲದ ಎರೆಮಣ್ಣನ್ನೇ ತಂದು ಪೆಟ್ಟಿಗೆಯ ತಳಕ್ಕೆ ಹಾಕಿ ನೆಟ್ಟಳು. ನೀರು ಕಾಡಿಗೆಯಂತಾಯಿತು, ಎಷ್ಟು ಹೊತ್ತಾದರೂ ತಿಳಿಯಾಗಲಿಲ್ಲ. ಮರುದಿನ ಇನ್ನೊಂದು ಮೀನು ಸತ್ತು ತೇಲಿತು.

ಅದನ್ನು ಮೊದಲು ಕಂಡವಳು ಆಕೆಯೇ. ಯಾರಿಗೂ ತಿಳಿಯದ ಹಾಗೆ ಹಿತ್ತಲಲ್ಲಿ ಹೂಳಿಬಿಡಬಹುದಿತ್ತು. ಆಕೆ ನೇರ ಅತ್ತೆಯ ಹತ್ತಿರ ಹೋಗಿ, "ಒಂದು ಸತ್ತದ್ರಿ," ಎಂದಳು.

"ಆತಲ್ಲ. ಇನ್ನ ಒಯ್ಯಿ."

"ತಪ್ಪು ಮೀನಿಂದಲ್ರಿ, ನಂದು. ಎರಿಮಣ್ಣು ಹಾಕಬಾರದಿತ್ತು. ದಸರಾ ತನಕ ತಡೀರಿ ಅತ್ತಿ. ಆಗೂ ಹಿಂಗೇ ಇದ್ರ ನಾನೇ ಒಯ್ದು ಬಿಡ್ತೀನಿ."

ಅತ್ತೆ ಆಕೆಯ ಮುಖವನ್ನು ನೋಡುತ್ತ ಕೂತರು. ಈ ಮನೆಗೆ ಬಂದಾಗಿನಿಂದ ಔರಾದಾಕಿ ಒಂದು ಸೀರೆಯನ್ನೂ ಬಾಯಿಬಿಟ್ಟು ಕೇಳಿದವಳಲ್ಲ. ಅದಕ್ಕೇ ಇರಬೇಕು, ಅತ್ತೆ "ಹೂಂ" ಎಂದರು.

ಆಮೇಲೆ ಆಕೆ ಮಾಡಿದ್ದನ್ನೆಲ್ಲ ನಾನು ಪಕ್ಕದಲ್ಲಿ ಕೂತು ನೋಡಿದೆ. ಹಳ್ಳದ ದಪ್ಪ ಮರಳು ತರಿಸಿ, ತೊಳೆದ ನೀರು ತಿಳಿಯಾಗಿ ಹೋಗುವವರೆಗೆ ತೊಳೆದಳು. ಗಿಡಗಳನ್ನು ಎಲೆ ಎಲೆ ಬಿಡಿಸಿ ತೊಳೆದು, ಅಂಟಿಕೊಂಡಿದ್ದ ಬಸವನಹುಳದ ಮೊಟ್ಟೆಗಳನ್ನು ಉಗುರಿನಿಂದ ಕೆರೆದು ತೆಗೆದಳು. ಲಾಡಿಹುಲ್ಲಿನ ಬೇರನ್ನು ಮಾತ್ರ ಮರಳಿನಲ್ಲಿ ಇಟ್ಟು, ಎಲೆ ಹುಟ್ಟುವ ಬುಡವನ್ನು ಮೇಲೆ ಬಿಟ್ಟಳು. ಬುಡ ಮುಚ್ಚಿದರೆ ಕೊಳೆಯುತ್ತದೆ ಎಂದಳು. ಅಳಿಲುಬಾಲಕ್ಕೆ ಬೇರೇ ಇರಲಿಲ್ಲ. ಅದರ ಕಡ್ಡಿಗಳನ್ನು ನೂಲಿನಿಂದ ಸಣ್ಣ ಕಲ್ಲಿಗೆ ಕಟ್ಟಿ ಇಳಿಬಿಟ್ಟಳು. ಪೆಟ್ಟಿಗೆ ಮೊದಲು ಬಾಗಿಲ ಬಿಸಿಲಿನಲ್ಲಿತ್ತು, ಅಲ್ಲಿ ಗಾಜಿಗೆಲ್ಲ ಹಸಿರು ಹಾವಸೆ ಕಟ್ಟುತ್ತಿತ್ತು. ಅದನ್ನು ಮೂಲೆಗೆ, ಬೆಳಕಿಂಡಿಯ ಬೆಳಕು ಬೀಳುವ ಕಡೆಗೆ ಸರಿಸಿದಳು. ಹಳೆಯ ನೀರಿನಲ್ಲಿ ಅರ್ಧ ಉಳಿಸಿಕೊಂಡು ಅರ್ಧ ಹೊಸದು ಹಾಕಿದಳು.

ಆಮೇಲೆ ಏನೂ ಮಾಡಲಿಲ್ಲ. ನನಗೆ ವಿಚಿತ್ರ ಅನಿಸಿದ್ದು ಅದೇ. ದಿನಾ ನೀರು ಹೊತ್ತವಳು ಈಗ ಪೆಟ್ಟಿಗೆಯ ಮುಂದೆ ಹಾದುಹೋಗುವಾಗ ಒಮ್ಮೆ ನೋಡುತ್ತಿದ್ದಳು ಅಷ್ಟೆ. ಅಷ್ಟರಲ್ಲಿ ಎಲೆಗಳು ಕಂದಾಗತೊಡಗಿದವು, ಕರಗಿ ಉದುರತೊಡಗಿದವು.

"ಅಕ್ಕಾ, ಎಲ್ಲಾ ಕೊಳೀಲಿಕತ್ಯಾದ್ರಿ. ತಗದು ಒಗೀರಿ," ಎಂದೆ.

"ಕೊಳೆತ ಎಲಿ ಅಷ್ಟೇ ತಗದೀನಿ. ಬೇರು ಗಟ್ಟಿ ಅದ. ಹೊಸಾ ನೀರು, ಹೊಂದಬೇಕಲ್ಲ ಅದಕ್ಕ. ನೀ ಬಂದಾಗೂ ಹಾಂಗೇ ಇದ್ದಿ."

ದಸರೆಗೆ ಮುಂಚೆ ಲಾಡಿಹುಲ್ಲಿನ ನಡುವಿನಿಂದ ಹೊಸ ಎಲೆ ಎದ್ದಿತು, ತೀರ ಎಳೆಯ ಹಸಿರು. ಆಮೇಲೆ ಅದು ಮರಳಿನೊಳಗಿಂದ ಬಳ್ಳಿ ಕಳಿಸಿ ಅಲ್ಲೊಂದು ಇಲ್ಲೊಂದು ಮರಿ ಹಾಕಿತು. ಹೊತ್ತೇರಿದ ಮೇಲೆ ಎಲೆಗಳ ಮೈಮೇಲೆ ಸಾಸಿವೆಯಂಥ ಗುಳ್ಳೆಗಳು ಕೂಡುತ್ತಿದ್ದವು. ಮೀನುಗಳು ಮೇಲೆ ಬಂದು ಬಾಯಿ ಬಿಡುವುದನ್ನು ನಿಲ್ಲಿಸಿ ಎಲೆಗಳ ನಡುವೆ ನುಸುಳಾಡತೊಡಗಿದವು. ನೀರು ತಾನೇ ತಿಳಿಯಾಯಿತು. ಅತ್ತೆ ದಸರೆಯ ದಿನ ಪೆಟ್ಟಿಗೆಯ ಹತ್ತಿರ ಹೋಗಿ, ಬಗ್ಗಿ ಮೂಸಿ ನೋಡಿ ಬಂದರು. ನಾರುತ್ತಿರಲಿಲ್ಲ.

ಅಲ್ಲಿಂದ ಮುಂದೆ ಅದರ ಕೆಲಸವೆಂದರೆ ಆರಿದಷ್ಟು ನೀರು ಸುರಿಯುವುದು, ಗಿಡ ಬಹಳ ದಟ್ಟವಾದರೆ ಒಂದು ಹಿಡಿ ಕಿತ್ತು ತೆಗೆಯುವುದು, ಇಷ್ಟೇ. ತಿನ್ನಲು ಹಾಕುವುದರಲ್ಲಿಯೂ ಆಕೆಯ ಕೈ ಬಿಗಿ. ಒಮ್ಮೆ ನನ್ನ ಗಂಡ ಚುರುಮುರಿ ತಿನ್ನುತ್ತ ಒಂದು ಮುಷ್ಟಿ ಪೆಟ್ಟಿಗೆಗೂ ಎರಚಿದರು.

"ಕೈ ಹಾಕಬ್ಯಾಡ್ರಿ," ಎಂದಳು ಆಕೆ. "ಹಸದ್ರ ಎಲಿ ತಿಂತಾವ. ಹೆಚ್ಚಿಗಿ ಹಾಕೀರಿ ಅಂದ್ರ ನೀರು ಕೆಡ್ತದ."

ಜನರ ಕೂಡಲೂ ಆಕೆ ಹಾಗೆಯೇ ಇದ್ದಳು. ಬೇಕಾದದ್ದನ್ನು ಕೈಗೆ ಎಟಕುವ ಹಾಗೆ ಇಟ್ಟು ದೂರ ಸರಿಯುವಳು. ನನಗೆ ಆ ಸ್ವಭಾವ ಹಿಡಿಸಿತು. ಎಲ್ಲರಿಗೂ ಹಿಡಿಸಲಿಲ್ಲ.

ಆಕೆಯ ಒಬ್ಬಳೇ ಮಗಳನ್ನು ನಿಲಂಗೆಗೆ ಕೊಟ್ಟಿತ್ತು. ಮದುವೆಯಾದ ಎರಡನೆಯ ವರ್ಷ ಅತ್ತೆಮನೆಯಲ್ಲಿ ಜಗಳವಾಗಿ ಆ ಹುಡುಗಿ ಹೇಳದೆ ಕೇಳದೆ ಬಂದುಬಿಟ್ಟಳು. ಔರಾದಾಕಿ ಮಗಳಿಗೆ ಬಿಸಿನೀರು ಕಾಸಿ ಎರೆದು, ರೊಟ್ಟಿ ಬಡಿದು ಹಾಕಿ, ಹಾಸಿಗೆ ಹಾಸಿಕೊಟ್ಟಳು. ಏನಾಯಿತು ಎಂದು ಒಂದು ಮಾತು ಕೇಳಲಿಲ್ಲ. ಹುಡುಗಿ ಕಾದಳು. ದಿನ ಕಳೆದವು. ಕಡೆಗೆ ಒಂದು ಬೆಳಿಗ್ಗೆ ತಾನೇ ಗಂಟು ಕಟ್ಟಿಕೊಂಡು ಹೊರಟಳು. ಹೊರಡುವಾಗ ನನ್ನ ಮುಂದೆ ಹೇಳಿದಳು:

"ಚಿಗವ್ವಾ, ನಮ್ಮವ್ವಗ ಆ ಮೀನಿನಷ್ಟೂ ಇಲ್ಲ ನಾ."

ಔರಾದಾಕಿ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಳು. ಕೇಳಿಸಿತು. ಬಂಡಿ ಓಣಿ ತಿರುಗುವವರೆಗೆ ನಿಂತಿದ್ದು ಒಳಗೆ ಹೋದಳು. ಆ ದಿನ ಪೆಟ್ಟಿಗೆಯ ಕಡೆ ಹೋಗಲಿಲ್ಲ. ಕೇಳಬೇಕಿತ್ತು ಎಂದು ಆಕೆಗೆ ಅನಿಸಿತೋ, ಕೇಳಿದ್ದರೆ ಹುಡುಗಿ ಹಿಂದಿರುಗಿ ಹೋಗುತ್ತಿರಲಿಲ್ಲ ಎಂಬ ಲೆಕ್ಕವೋ, ನನಗೆ ಹೇಳಲಾಗದು.

ಮುಂದೆ ಕೆಲವು ವರ್ಷಕ್ಕೆ ನಮ್ಮೂರಿಗೆ ಪ್ಲೇಗು ಬಂತು. ದಿನಸಿ ಪೇಟೆಯಲ್ಲಿ ಇಲಿಗಳು ಸತ್ತು ಬಿದ್ದವು, ಸರಕಾರದಿಂದ ಊರು ಬಿಡಿರೆಂದು ಡಂಗುರ ಸಾರಿದರು. ಮನೆಗೆ ಬೀಗ ಹಾಕಿ ನಮ್ಮ ಹೊಲದಲ್ಲಿ ಜೋಳದ ಕಣಿಕೆಯ ಗುಡಿಸಲು ಹಾಕಿಕೊಂಡೆವು. ಬಂಡಿಗೆ ಸಾಮಾನು ಹೇರುವಾಗ ಮಾವನೇ ಕೇಳಿದರು, "ಪೆಟ್ಟಿಗಿ ಏನ್ ಮಾಡ್ತಿ?" ಎಂದು.

ಔರಾದಾಕಿ ಒಳಗೆ ಹೋಗಿ ಪೆಟ್ಟಿಗೆಯನ್ನು ಅಂಚಿನವರೆಗೆ ತುಂಬಿಸಿ ಬಂದಳು. "ಹಸರ ಅದ, ನೀರ ಅದ, ಬೆಳಕಿಂಡಿ ತೆರದದ. ಬದುಕೋದಿದ್ರ ಬದುಕ್ತಾವ್ರಿ."

ಹೊಲಕ್ಕೆ ಬಂದರೂ ಪ್ಲೇಗು ಬಿಡಲಿಲ್ಲ. ಮೊದಲು ಮಾವ ಮಲಗಿದರು. ಅಂಗಡಿಯ ಗಂಟುಗಳನ್ನು ತರಲು ಊರೊಳಗೆ ಹೋಗಿ ಬಂದಿದ್ದರು. ಜ್ವರ ಬಂದ ಮೂರನೆಯ ದಿನಕ್ಕೇ ಹೋದರು. ಮಣ್ಣು ಮಾಡಲು ಹೆಗಲು ಕೊಡುವ ಮಂದಿಯೂ ಕೂಡಲಿಲ್ಲ. ಅವರ ಬೆನ್ನಿಗೆ ನನಗೆ ಜ್ವರ, ಕಂಕುಳಲ್ಲಿ ಗಂಟು.

ಹೊಲದ ಆಚೆ ಬದುವಿಗೆ ಒಂದು ಬೇರೆ ಗುಡಿಸಲು ಹಾಕಿ ನನ್ನನ್ನು ಅದರಲ್ಲಿ ಮಲಗಿಸಿದರು. ಅದು ನಿರ್ದಯೆಯಲ್ಲ, ಎಲ್ಲ ಹೊಲಗಳಲ್ಲಿಯೂ ಹಾಗೆಯೇ ಮಾಡುತ್ತಿದ್ದರು. ನನ್ನ ಸಣ್ಣ ಮಗನನ್ನು ಅತ್ತೆ ತಮ್ಮ ಹತ್ತಿರ ಇಟ್ಟುಕೊಂಡರು. ನನ್ನ ಗಂಡ ಗುಡಿಸಲ ಹೊರಗೆ ಬಂದು ನಿಂತು ಕೂಗಿ ಮಾತಾಡಿಸಿ, ಉತ್ತರ ಬಂದರೆ ಹೋಗುತ್ತಿದ್ದರು. ಒಳಗೆ ಬಂದವಳು ಔರಾದಾಕಿ ಒಬ್ಬಳೇ. ಬಂದವಳು ಹೊರಗೆ ಹೋಗಲಿಲ್ಲ. ಗಂಜಿ ಕುಡಿಸಿದಳು, ಬಿಸಿ ಹಿಟ್ಟಿನ ಪಟ್ಟಿ ಕಟ್ಟಿದಳು, ಒದ್ದೆಯಾದ ಸೀರೆ ಬಿಡಿಸಿ ಬೇರೆ ಉಡಿಸಿದಳು. ಜ್ವರದ ಬಾಯಿಯಲ್ಲಿ ನಾನು ಮೀನು ಮೀನು ಎಂದು ಬಡಬಡಿಸಿದೆನಂತೆ. "ಅವಕ್ಕೇನಾಗ್ಯಾದ, ನೀ ಸುಮ್ಮಕ ಮಲಕೋ," ಎಂಬ ದನಿ ನೆನಪಿದೆ.

ಸುದ್ದಿ ನಿಲಂಗೆಗೆ ಮುಟ್ಟಿ ಆಕೆಯ ಮಗಳು ಬಂಡಿ ಕಟ್ಟಿಕೊಂಡು ಬಂದಳು. ಆ ಹೊತ್ತಿಗೆ ನನಗೆ ತುಸು ಎಚ್ಚರವಿತ್ತು, ತಟ್ಟಿಯ ಸಂದಿಯಿಂದ ಕಾಣುತ್ತಿತ್ತು. ಹುಡುಗಿ ಬದುವಿನ ಮೇಲೆ ನಿಂತು ಅಳುತ್ತಿದ್ದಳು.

"ಯವ್ವಾ, ಹೊರಗ ಬಾ. ನಿನ್ನ ಕಾಲ ಬೀಳ್ತೀನಿ, ಹೊರಗ ಬಾ."

ಔರಾದಾಕಿ ಬಾಗಿಲಿಗೆ ಹೋಗಿ ಬಗ್ಗಿ ನಿಂತಳು. "ಅಲ್ಲೇ ನಿಂದ್ರು. ಹತ್ರ ಬರಬ್ಯಾಡ. ಉಂಡೀಯೇನು?"

"ನೀ ಸತ್ರ ನನಗ ಯಾರದಾರ?"

ಆಕೆ ಬಾಗಿಲ ಗಳವನ್ನು ಹಿಡಿದುಕೊಂಡಳು. ಆಮೇಲೆ, "ಆವಾಗ ನಿನಗೇನಾಗಿತ್ತು, ಹೇಳು," ಎಂದಳು. "ನಿಲಂಗದಾಗ. ನಾ ಕೇಳಲಿಲ್ಲ. ಈಗ ಹೇಳು."

ತಾಯಿ ಬಾಗಿಲಲ್ಲಿ, ಮಗಳು ಬದುವಿನ ಮೇಲೆ, ನಡುವೆ ಕೊಯ್ದ ಜೋಳದ ಕೂಳೆ. ಹುಡುಗಿ ಅಲ್ಲಿಂದಲೇ ಗಟ್ಟಿಯಾಗಿ ಎಲ್ಲ ಹೇಳಿದಳು, ಅತ್ತೆ ಅಂದದ್ದು, ಗಂಡ ಅಂದದ್ದು, ಕಟ್ಟಿಟ್ಟುಕೊಂಡಿದ್ದ ವರ್ಷಗಳ ಮಾತೆಲ್ಲ. ಔರಾದಾಕಿ ಪೂರ ಕೇಳಿದಳು. ಹೊತ್ತು ಇಳಿಯುವವರೆಗೆ ನಿಂತೇ ಇದ್ದಳು.

ನನ್ನ ಗಂಟು ಒಡೆದು ಕೀವು ಹೋಯಿತು, ನಾನು ಉಳಿದೆ. ಆಕೆಗೆ ಏನೂ ಆಗಲಿಲ್ಲ. ಇದಕ್ಕೆ ಕಾರಣ ನನಗೆ ಗೊತ್ತಿಲ್ಲ.

ಯುಗಾದಿಯ ಮುಂಚೆ ಊರು ತೆರೆಯಿತು. ಬೀಗ ತೆಗೆದಾಗ ಎಲ್ಲರಿಗಿಂತ ಮುಂದೆ ಅತ್ತೆ ಒಳಗೆ ಹೋದರು. ಪಡಸಾಲೆಯ ತುಂಬ ಧೂಳು. ಪೆಟ್ಟಿಗೆಯ ನೀರು ಗೇಣಿನಷ್ಟು ಇಳಿದಿತ್ತು, ಉಳಿದದ್ದೆಲ್ಲ ಹಸಿರೇ ಹಸಿರು. ಮೀನು ಒಂದೂ ಕಾಣಲಿಲ್ಲ. ಅತ್ತೆ ಗಾಜಿನ ಮೇಲೆ ಬೆರಳಿನಿಂದ ತಟ್ಟಿದರು. ಲಾಡಿಹುಲ್ಲು ಅಲುಗಿ ನಡುವಿನಿಂದ ಒಂದು ಕೆಂಪು ಮುಖ ಹೊರಬಂತು, ಅದರ ಹಿಂದೆ ಮತ್ತೊಂದು. ಎಲ್ಲವೂ ಉಳಿದಿರಲಿಲ್ಲ, ಕೆಲವು ಉಳಿದಿದ್ದವು.

"ಮನಿ ಯಜಮಾನ ಹೋದ," ಎಂದರು ಅತ್ತೆ. "ಇವು ಬದುಕ್ಯಾವ."

ಔರಾದಾಕಿ ಅತ್ತೆಯ ಹಿಂದೆ ನಿಂತಿದ್ದಳು. "ಒಯ್ದು ಕೆರಿಗಿ ಬಿಡ್ಲೇನ್ರಿ ಅತ್ತಿ?" ಎಂದು ಕೇಳಿದಳು. ಸುಮ್ಮನೆ ಕೇಳಿದ ಮಾತಲ್ಲ ಅದು. ಹೂಂ ಎಂದಿದ್ದರೆ ಆಗಲೇ ಗಡಿಗೆ ಎತ್ತಿಕೊಳ್ಳುತ್ತಿದ್ದಳು.

ಅತ್ತೆ ಗಾಜಿನ ಮೇಲಿನ ಕೈ ತೆಗೆಯಲಿಲ್ಲ. "ಇರ್ಲಿ. ನೀರ ಕಡಿಮಿ ಆಗ್ಯಾದ, ಹಾಕು."

ಅತ್ತೆ ತೀರಿಕೊಂಡ ಮೇಲೆ ನನ್ನ ಗಂಡನೂ ಅವರ ಅಣ್ಣನೂ ಬೇರೆಯಾದರು. ಆದರೆ ನಡುವಿನ ಗೋಡೆಗೆ ಒಂದು ಬಾಗಿಲು ಬಿಟ್ಟುಕೊಂಡೆವು. ಮಗಳು ನಿಲಂಗೆಯಿಂದ ವರ್ಷಕ್ಕೆ ಎರಡು ಮೂರು ಸಲ ಬರುತ್ತಿದ್ದಳು, ಬಂದಾಗ ತಾಯಿಯ ಪಕ್ಕದಲ್ಲಿ ಕೂತು ಮಾತೇ ಮಾತು. ಔರಾದಾಕಿ ಕೇಳುವುದನ್ನು ಕಲಿತಿದ್ದಳು. ಕಲಿತದ್ದು ಕಾಣುತ್ತಿತ್ತು, "ಆಮ್ಯಾಲೇನಾತು?" ಎಂದು ಪಾಠ ಒಪ್ಪಿಸಿದಂತೆ ಕೇಳುತ್ತಿದ್ದಳು. ಮಗಳಿಗೆ ಅಷ್ಟೇ ಸಾಕಾಗಿತ್ತು.

ಕಡೆಯ ಬೇಸಿಗೆಯಲ್ಲಿ ಆಕೆ ಹಾಸಿಗೆ ಹಿಡಿದಾಗ ಉಣಿಸುವುದು, ತೊಳೆಯುವುದು ನಾನು ಮಾಡಿದೆ. ಒಂದು ಮಧ್ಯಾಹ್ನ, ಇಷ್ಟು ವರ್ಷ ಬಾಯಿಗೆ ಬಾರದ ಮಾತನ್ನು ಕೇಳಿಬಿಟ್ಟೆ.

"ಅಕ್ಕಾ, ಅವತ್ತ ಆ ಗುಡಸಲಾಗ ಯಾಕ ಬಂದ್ರಿ? ನಿಮಗ ಅಂಜಿಕಿ ಬರ್ಲಿಲ್ಲೇನು?"

"ಬಂದಿತ್ತಲ್ಲ," ಎಂದಳು. "ನಾ ಏನ್ ಇರಬೇಕಂತ ಬಂದಿದ್ದಿಲ್ಲ. ನೀರಿನ ತಂಬಗಿ ನಿನ್ನ ತಲಿದಿಂಬಿನ ಹತ್ರ ಇಟ್ಟು ಹೊಂಟಿದ್ದೆ. ನೀ ಸೆರಗ ಹಿಡಕೊಂಡಿದ್ದಿ. ಕಣ್ಣ ಮುಚ್ಚಿತ್ತು, ಮುಷ್ಟಿ ಮಾತ್ರ ಗಟ್ಟಿ. ಬಿಡಸ್ಕೊಳ್ಳಿಕ್ಕ ನೋಡಿದೆ. ಆಗ್ಲಿಲ್ಲ. ಕೂತೆ."

ಇದನ್ನು ಹೇಳಿ, ಮಗ್ಗುಲಾಗಲು ಕೈ ಕೊಡು ಎಂದಳು. ಕೊಟ್ಟೆ. ಸೆರಗು ಹಿಡಿದದ್ದು ನನಗೆ ನೆನಪಿಲ್ಲ.